ಡಬ್ಬಿಯ ಮೇಲಿನ ಮನೆ

ಬಿಸ್ಕತ್ತು ಮುಗಿದು ಮೂರು ವಾರ. ಡಬ್ಬಿ ಎಸೆದಿಲ್ಲ.
ಮೊಮ್ಮಗಳು ವಿನಿಫ್ರೆಡ್ ಕ್ರಿಸ್‌ಮಸ್ಸಿಗೆ ತಂದದ್ದು,
ಗಿಲ್‌ಫರ್ಡ್ ಪೇಟೆಯಿಂದ, ನೀಲಿ ರಿಬ್ಬನ್ನು ಕಟ್ಟಿ.
‘ನೋಡಜ್ಜಿ, ಇಂಥ ಮನೆಯಲ್ಲಿ ಇರಬೇಕು ಒಂದು ದಿನವಾದರೂ’
ಅಂದಳು. ನಾನು ಕನ್ನಡಕ ಹುಡುಕಿದೆ.

ಇದ್ದೆನಲ್ಲೇ, ಮಗೂ.
ಆ ಗೇಟಿನ ಮೂರನೆಯ ಪಟ್ಟಿ ಮುರಿದದ್ದು
ನನ್ನ ಕಾಲು.

ಮುಚ್ಚಳದ ಅಂಚಿಗೆ ಹೊನ್ನಿನ ಅಕ್ಷರ:
‘ಸರ್ರೆ ಸೀಮೆಯ ಒಂದು ಹಳೆಯ ಮನೆ’.
ಓಣಿಯವರ ಬಾಯಲ್ಲಿ ಅದು ಟಿಕ್ನರ್ ಮನೆ,
ಸಾಲದಂಗಡಿಯ ಪುಸ್ತಕದಲ್ಲೂ ಅದೇ.

ಹುಲ್ಲು ಕೊಯ್ಯುವ ಕಾಲಕ್ಕೆ ಬಂದಿದ್ದಳು ಮಿಸ್ ಡಾಲ್ಬಿ,
ಮಡಚುವ ಸ್ಟೂಲು, ಬಿಳಿ ಕೊಡೆ, ಬಣ್ಣದ ಪೆಟ್ಟಿಗೆ.
ಪೆಟ್ಟಿಗೆಯ ತಳದಲ್ಲಿ ಒಂದು ಬಟ್ಟೆಯ ಬಾನೆಟ್ಟು,
ನಮ್ಮಜ್ಜಿಯ ಕಾಲದ್ದು, ಇಸ್ತ್ರಿ ಮಾಡಿದ್ದು.
ಅಮ್ಮ ತೋಟಕ್ಕಿಳಿದರೆ ಅಪ್ಪನ ಹಳೆ ಕ್ಯಾಪು,
ಸೊಂಟಕ್ಕೆ ಗೋಣಿತಟ್ಟು.
‘ಇದನ್ನು ಹಾಕಿಕೊಳ್ಳಿ, ಮಿಸೆಸ್ ಟಿಕ್ನರ್,
ಒಂದೇ ಗಂಟೆ, ಅಗುಳಿಯ ಮೇಲೆ ಕೈಯಿಟ್ಟು.’
ಒಂದು ಗಂಟೆ ಮೂರು ಮಧ್ಯಾಹ್ನವಾಯಿತು.

ಎರಡು ಕಿಟಕಿಗೆ ಗಾಜಿರಲಿಲ್ಲ, ಚಿಂದಿ ತುರುಕಿದ್ದೆವು.
ಮಾಡಿನ ಮೂಲೆಗೆ ತಗಡು, ತಗಡಿನ ಮೇಲೆ ಕಲ್ಲು.
ಧಣಿಗೆ ಏಳು ವರ್ಷ ಹೇಳಿದರೂ ಆಗದ ರಿಪೇರಿ
ಅವಳು ಕೂತಲ್ಲೇ ಮುಗಿಸಿದಳು,
ಹುಲ್ಲು ಹೊದಿಸಿ, ಗಾಜು ಕೂರಿಸಿ, ಗೋಡೆಯ ಬಿರುಕಿಗೆ
ಗುಲಾಬಿ ಬಳ್ಳಿ ಹಬ್ಬಿಸಿ.
ಕೂಲಿ ಕೇಳಲಿಲ್ಲ. ನಮಗೇ ಕೊಟ್ಟಳು ಒಂದು ಷಿಲಿಂಗು.

ನಾನಿಲ್ಲ ಚಿತ್ರದಲ್ಲಿ.
ಹಂದಿಗೆ ನೀರು ಹೊತ್ತು ಹಾಕುತ್ತಿದ್ದೆ; ಹಂದಿಗೂಡೂ ಇಲ್ಲ.
ಅಲ್ಲಿ ಈಗ ಹಾಲಿಹಾಕ್ ಹೂಗಳ ಸಾಲು,
ಆಳೆತ್ತರ, ಕೆನ್ನೆ ಕೆನ್ನೆಯ ಕೆಂಪು.
ಅದರ ಹಿಂದೆ ಎಲ್ಲೋ ಇದ್ದೇನೆ,
ಬಕೆಟ್ಟು ಹಿಡಿದು.

ಷಿಲಿಂಗು ತಮ್ಮ ಈನಕ್‌ನ ಬೂಟಿಗೆಂದು ಲೆಕ್ಕವಾಗಿತ್ತು.
ಗೊಡಾಲ್ಮಿಂಗ್ ಸಂತೆಗೆ ಹೋದ ಅಮ್ಮ
ಎಂಟು ಪೆನ್ನಿಗೆ ಬೂಟಿನ ಅಟ್ಟೆ ತಂದಳು,
ಉಳಿದ ನಾಲ್ಕಕ್ಕೆ ಕಾಗದದ ಪೊಟ್ಟಣದಲ್ಲಿ ಬೀಜ.
ಈರುಳ್ಳಿಯ ಸಾಲು ಕಿತ್ತು ಬಿತ್ತಿದಳು.
‘ಹೊಟ್ಟೆಗೆ ಹಿಟ್ಟಿಲ್ಲ’ ಅಂತ ಶುರುಮಾಡಿದ ಅಪ್ಪ,
ಅವಳ ಮುಖ ನೋಡಿ ಮಲ್ಲಿಗೆಯವರೆಗೆ ಹೋಗಲಿಲ್ಲ.

ಹಾಲಿಹಾಕ್ ಅಂದರೆ ಹಾಗೆ:
ಮೊದಲ ವರ್ಷ ಬರೀ ಎಲೆ.
ಅದನ್ನೂ ಅರ್ಧ ಬಸವನಹುಳು ತಿಂದವು.

ಎರಡನೆಯ ಜುಲೈ, ಒಂದು ಸಂಜೆ,
ಮೇಲಿನ ಕೋಣೆಯ ಕಿಟಕಿಯ ಚಿಂದಿ ತೆಗೆದು ನೋಡಿದೆ.
ಗೇಟಿನ ಹತ್ತಿರ ಅಮ್ಮ,
ತಲೆಗೆ ಅಪ್ಪನ ಕ್ಯಾಪು, ಅಗುಳಿಯ ಮೇಲೆ ಕೈ,
ಮುಖ ಓಣಿಯತ್ತ ಓರೆ.
ಪಕ್ಕದಲ್ಲಿ ಐದೇ ಐದು ಗಿಡ, ತಲೆಯೆತ್ತಿ.
ಓಣಿಯಲ್ಲಿ ಸ್ಟೂಲಿರಲಿಲ್ಲ, ಕೊಡೆಯಿರಲಿಲ್ಲ,
ಯಾರೂ ಇರಲಿಲ್ಲ.
ಬಹಳ ಹೊತ್ತು ಅಲುಗದೆ ನಿಂತಿದ್ದಳು.

ಆ ಚಳಿಗಾಲಕ್ಕೆ ಧಣಿಯ ನೋಟೀಸು.
ಮನೆ ಕೆಡವಿ ಇಟ್ಟಿಗೆ ಕುದುರೆಲಾಯಕ್ಕೆ ಹೊತ್ತರು.
ಇದು ಅತ್ತು ಹೇಳುವ ಕತೆಯಲ್ಲ;
ಹೊಸ ಮನೆಯ ಸೂರು ಸೋರುತ್ತಿರಲಿಲ್ಲ.

ಮಿಸ್ ಡಾಲ್ಬಿಯನ್ನು ಸುಳ್ಳುಗಾತಿ ಅನ್ನಲಾರೆ.
ಅಮ್ಮನ ಮಣಿಕಟ್ಟು ಸರಿಯಾಗಿದೆ, ಸುಟ್ಟ ಕಲೆಯೊಂದು ಬಿಟ್ಟು.
ಬೆಕ್ಕೂ ನಮ್ಮದೇ.
ಒಂದೇ ಒಂದು ಇವತ್ತಿಗೂ ಬಗೆಹರಿಯದು:
ಚಿಮಣಿಯ ಆ ಹೊಗೆ.
ನೆರಳು ನೋಡಿದರೆ ಮೂರು ಗಂಟೆ ಇರಬೇಕು.
ನಾವು ಒಲೆ ಹೊತ್ತಿಸುತ್ತಿದ್ದದ್ದು ಅಪ್ಪ ಬಂದ ಮೇಲೆ.
ಧೂಳಿರಬಹುದೆಂದು ಬೆರಳಿಂದ ಒರೆಸಿದೆ,
ಹೋಗಲಿಲ್ಲ. ನೀಲಿ, ದಟ್ಟ,
ಒಳಗೆ ಏನೋ ದೊಡ್ಡದೇ ಬೇಯುತ್ತಿದ್ದ ಹಾಗೆ.

ಮುಚ್ಚಳ ತೆಗೆದೆ.
ಮೂರು ವಾರವಾದರೂ
ಬೆಣ್ಣೆಯ ವಾಸನೆ.